ಡಬ್ಬಿ ಹೇಳಿದ ಮಾತು, ಹನುಮವ್ವನ ಕಾಲು ಹೇಳಿದ ಮಾತು

ಮೊನ್ನೆ ರಾಯಚೂರಿನಲ್ಲಿ ಲ್ಯಾಬ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಏನೋ ತರಬೇತಿ ಅಂತ ನನ್ನನ್ನೂ ಕರೆದಿದ್ದರು. ನಿವೃತ್ತರಾದವರನ್ನು ಕರೆದು, ಮುಂದಿನ ಸಾಲಿನಲ್ಲಿ ಕೂಡಿಸಿ, ನಮ್ಮೂರ ಬಿಸಿಲಿನಲ್ಲಿ ಉಣ್ಣೆಯ ಶಾಲು ಹೊದಿಸಿ, ಬಾಯಿ ಬಿಡಲು ಮಾತ್ರ ಬಿಡದೆ ಕಳಿಸುವುದು ಈಗಿನ ಪದ್ಧತಿ. ನಾನೂ ಬೆವರುತ್ತ ಕೂತಿದ್ದೆ. ತರುಣ ಡಾಕ್ಟರೊಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದರು: ಸಕ್ಕರೆ ಕಾಯಿಲೆ, ಬಿಪಿ ಇರುವ ವಯಸ್ಸಾದವರಿಗೆ ಡಿಜಿಟಲ್ ಅಂದರೆ ಭಯ, ಯಂತ್ರ ಕಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ನೀವು ಮೊದಲು ಆ ಭಯ ಬಿಡಿಸಬೇಕು. ಚಿತ್ರದಲ್ಲಿ ಒಬ್ಬ ಮುದುಕಿ ಕಣ್ಣು ಅಗಲ ಮಾಡಿಕೊಂಡು ಮೀಟರು ನೋಡುತ್ತಿದ್ದಳು. ಮಕ್ಕಳೆಲ್ಲ ನಕ್ಕರು.

ನನಗೆ ಶಾಲಿಗಿಂತ ಜಾಸ್ತಿ ಆ ನಗು ಸುಟ್ಟಿತು. ಯಾಕೆಂದರೆ ಇದೇ ಊರಿನಲ್ಲಿ, ಇದೇ ಮಾತಿಗೆ, ಇದೇ ನಗುವನ್ನು ನಾನು ಬಹಳ ವರ್ಷಗಳ ಹಿಂದೆ ಕೇಳಿದ್ದೇನೆ. ಬರೀ ಕೇಳಿಲ್ಲ, ಆ ನಗು ತರಿಸಿದವನೇ ನಾನು. ಆ ನಗೆಯ ಮಗ್ಗುಲಿಗೆ ಗಬ್ಬೂರಿನ ಹನುಮವ್ವ ಅನ್ನುವ ಹೆಣ್ಣುಮಗಳ ಬಲಗಾಲು ಇತ್ತು. ಮೊನ್ನೆ ವೇದಿಕೆಯಲ್ಲಿ ಹೇಳಲು ಬಿಡಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ನಕ್ಕ ಮಕ್ಕಳೇ, ಓದಿರಿ.

ನಾನು ನರಸಪ್ಪ, ಚಂದ್ರಬಂಡದವನು. ಅಪ್ಪ ಅವ್ವ ಕೂಲಿ ಮಾಡಿ ಓದಿಸಿದರು. ಎಪ್ಪತ್ತರ ದಶಕದ ನಡುವಿನಲ್ಲಿ ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆದೆ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಬಡ್ತಿಯ ವಿಷಯವನ್ನೂ ಕೇಳಬೇಡಿರಿ. ಬರಬೇಕಾದಾಗ ಬಂತು, ಅದರಿಂದ ಒಬ್ಬ ರೋಗಿಯ ಮೂತ್ರದ ಬಣ್ಣವೂ ಬದಲಾಗಲಿಲ್ಲ. ನನಗೆ ಗೊತ್ತಿದ್ದ ಇನ್ನೊಂದು ವಿದ್ಯೆ ಅಂದರೆ ಅಣಕು. ಯಾರದೇ ದನಿ, ನಡಿಗೆ, ಕೆಮ್ಮು ಒಮ್ಮೆ ಕಂಡರೆ ಸಾಕು, ಚಹಾದ ಅಂಗಡಿಯಲ್ಲಿ ಅದು ನನ್ನ ಮೈಮೇಲೆ ಬಂದುಬಿಡುತ್ತಿತ್ತು. ದೊಡ್ಡ ಡಾಕ್ಟರು ಚಷ್ಮಾ ತೆಗೆದು ಮೇಜಿಗೆ ಎರಡು ಸಲ ಬಡಿದು ಮಾತು ಶುರು ಮಾಡುವುದು, ಡ್ರೈವರ್ ಖಾಜಾ ಜೀಪಿಗೆ ಬಯ್ಯುತ್ತ ಬಯ್ಯುತ್ತ ಕೊನೆಗೆ ಅದನ್ನೇ ಸಮಾಧಾನ ಮಾಡುವುದು, ಎಲ್ಲ ಬರುತ್ತಿತ್ತು. ನನ್ನನ್ನೂ ಬಿಡುತ್ತಿರಲಿಲ್ಲ. ಮೊದಲ ಸಲ ರಕ್ತ ತೆಗೆಯುವಾಗ ರೋಗಿ ಗಟ್ಟಿಯಾಗಿ ಕೂತಿದ್ದ, ನಾನೇ ತಲೆ ಸುತ್ತಿ ಅವನ ತೊಡೆಯ ಮೇಲೆ ಬಿದ್ದಿದ್ದೆ. ಅದನ್ನು ಇಬ್ಬರ ದನಿಯಲ್ಲೂ ಮಾಡಿ ತೋರಿಸುತ್ತಿದ್ದೆ.

ದೊಡ್ಡ ಡಾಕ್ಟರ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಯ್ಯಲು ಅನುಕೂಲವಾಗುತ್ತದೆ. ಪ್ರತಿ ಮಂಗಳವಾರ ದೇವದುರ್ಗಕ್ಕೆ, ಪ್ರತಿ ಗುರುವಾರ ಮಾನ್ವಿಗೆ ಜೀಪು ಹೊರಡಿಸಿ ಸಕ್ಕರೆ ರೋಗಿಗಳನ್ನು ನೋಡಲು ಶುರು ಮಾಡಿದವರು ಅವರೇ. ಅವರು ಬರದೆ ಇದ್ದಿದ್ದರೆ ಆ ಜನಕ್ಕೆ ತಮ್ಮ ಕಾಯಿಲೆಯ ಹೆಸರೂ ತಿಳಿಯುತ್ತಿರಲಿಲ್ಲ. ಒಳ್ಳೆಯ ಡಾಕ್ಟರು. ತಾವು ತಪ್ಪಬಹುದು ಅನ್ನುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರಿಗೆ ಗೊತ್ತಿತ್ತು.

ಆಗ ಸಕ್ಕರೆ ನೋಡುವ ಕೆಲಸ ಹೇಗಿತ್ತು ಅಂತ ಈಗಿನವರಿಗೆ ಹೇಳಬೇಕು. ಗಾಜಿನ ನಳಿಗೆಯಲ್ಲಿ ಬೆನೆಡಿಕ್ಟ್ ದ್ರಾವಣ ಹಾಕುವುದು; ನೋಡಲು ನೀಲಿ, ಜನ ಅದನ್ನು ನೀಲಿ ನೀರು ಅನ್ನುತ್ತಿದ್ದರು. ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆಯ ಕೆಂಪಾದರೆ ಕೇಳಲೇಬೇಡಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಊರವರ ಮೂತ್ರ ಕುದಿಸಿ, ಅದೇ ವಾಸನೆಯಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುವುದು. ನನ್ನ ಪಕ್ಕ ಊಟಕ್ಕೆ ಕೂಡುತ್ತಿದ್ದವನು ಖಾಜಾ ಒಬ್ಬನೇ, ಅದೂ ಅವನಿಗೆ ಪೆಟ್ರೋಲಿನ ವಾಸನೆ ಬಿಟ್ಟರೆ ಬೇರೆ ತಿಳಿಯುತ್ತಿರಲಿಲ್ಲ ಅಂತ.

ಆದರೆ ಆ ಕೆಟ್ಟ ಕೆಲಸದಲ್ಲಿ ಒಂದು ಒಳ್ಳೆಯ ಸಂಗತಿ ಇತ್ತು. ನಳಿಗೆ ಕುದಿಯುವಾಗ ರೋಗಿ ನನ್ನ ಎದುರಿಗೇ ನಿಂತಿರುತ್ತಿದ್ದ. ಬಣ್ಣ ತಿರುಗುವುದನ್ನು ನಾನು ನೋಡುವ ಹೊತ್ತಿಗೇ ಅವನೂ ನೋಡುತ್ತಿದ್ದ. ಅಕ್ಷರ ಬೇಕಿರಲಿಲ್ಲ, ಅಂಕಿ ಬೇಕಿರಲಿಲ್ಲ. ನಾನು ಬಾಯಿ ಬಿಡುವ ಮೊದಲೇ ಅವನು ತಲೆ ಕೆರೆದುಕೊಂಡು, ಸಂತ್ಯಾಗ ಜಿಲೇಬಿ ತಿಂದೆ ಅಂತ ಒಪ್ಪಿಕೊಂಡು ಬಿಡುತ್ತಿದ್ದ.

ಇದರಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಹನುಮವ್ವ. ಅರವತ್ತು ದಾಟಿದ್ದಳು. ದುಡಿಯುವ ಕಾಲಕ್ಕೆ ಹೊಲದ ಕೂಲಿ ಮಾಡಿದವಳು, ಆಮೇಲೆ ಹಳೆ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಗಬ್ಬೂರಿನಿಂದ ಬಸ್ಸು ಹತ್ತಿ ದೇವದುರ್ಗಕ್ಕೆ ಬರುವಳು, ಬಂದರೆ ಹೊಸ್ತಿಲ ಹೊರಗೇ ಕೂಡುವಳು. ಒಳಗೆ ಬಾ ಅಂತ ಪ್ರತಿ ವಾರ ಕರೆಯಬೇಕು. ಯಾಕೆ ಹೊರಗೆ ಕೂಡುತ್ತಾಳೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮ ಅವ್ವನೂ ಹಾಗೇ ಕೂಡುತ್ತಿದ್ದಳು. ಹನುಮವ್ವನ ಸೊಂಟದ ಚೀಲದಲ್ಲಿ ಗೇಣುದ್ದದ ಒಂದು ಬಿಳಿ ಬಟ್ಟೆ ಇರುತ್ತಿತ್ತು. ನಳಿಗೆಯ ಬಣ್ಣ ನೋಡಿದ ಮೇಲೆ ಅದೇ ಬಣ್ಣದ ದಾರ ಸೂಜಿಗೆ ಪೋಣಿಸಿ ಆ ಬಟ್ಟೆಯ ಮೇಲೆ ಒಂದು ಹೊಲಿಗೆ ಹಾಕುವಳು. ಒಂದು ವಾರಕ್ಕೆ ಒಂದು ಹೊಲಿಗೆ. ನಾಲ್ಕೈದು ವರ್ಷದ ಸಕ್ಕರೆ ಆ ಬಟ್ಟೆಯಲ್ಲಿ ಸಾಲಾಗಿ ಕೂತಿತ್ತು. ನಮ್ಮ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹಾಳೆ ಹರಿದಿರುತ್ತಿತ್ತು, ಶಾಯಿ ಹರಡಿರುತ್ತಿತ್ತು. ಅವಳ ಬಟ್ಟೆಯಲ್ಲಿ ಒಂದು ವಾರವೂ ತಪ್ಪಿರಲಿಲ್ಲ.

ಒಮ್ಮೆ ಅದರಲ್ಲಿ ಎರಡು ಕೆಂಪು ಹೊಲಿಗೆ ಒತ್ತಟ್ಟಿಗೆ ಇದ್ದದ್ದು ನೋಡಿ ಏನು ಇದು ಅಂದೆ.

“ಮಗಳ ಮನಿಯಾಗ ಬಸರಿ ಕುಬಸ ಇತ್ತಪ್ಪ. ಮೊದಲನೇದು ಹೋಳಿಗಿ. ಎರಡನೇದು ಉಳಿದ ಹೋಳಿಗಿ.”

ಅವಳ ದನಿ ಹಿಡಿಯಲು ನನಗೆ ಒಂದೇ ದಿನ ಸಾಕಾಯಿತು. ಸ್ವಲ್ಪ ಒಡೆದ ದನಿ, ಮಾತಿನ ನಡುವೆ ಸೂಜಿ ಹಿಡಿದಂತೆ ಎರಡು ಬೆರಳು ಮೇಲೆತ್ತುವುದು. ಚಹಾದ ಅಂಗಡಿಯಲ್ಲಿ ಉಳಿದ ಹೋಳಿಗೆಯ ಮಾತು ಬಹಳ ದಿನ ನಡೆಯಿತು.

ಮಾನ್ವಿಯಲ್ಲಿ ಇನ್ನೊಬ್ಬರಿದ್ದರು, ಗುರುರಾಜಾಚಾರ್ರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರು. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದು ಹಸಿರೋ ಹಸಿರು ಮಿಶ್ರಿತ ಹಳದಿಯೋ ಅಂತ ನನ್ನ ಜೊತೆ ವಾದಿಸದೆ ಔಷಧ ತೆಗೆದುಕೊಳ್ಳುತ್ತಿರಲಿಲ್ಲ. ಏಕಾದಶಿಯ ಮರುದಿನ ತಮ್ಮ ನಳಿಗೆ ನೀಲಿಯಾಗಿ ಉಳಿದರೆ ಪಾಸಾದ ಹುಡುಗನ ಹಾಗೆ ನಗುತ್ತಿದ್ದರು.

ಎಂಬತ್ತರ ದಶಕದಲ್ಲಿ ರಕ್ತದ ಸಕ್ಕರೆ ಅಳೆಯುವ ಡಬ್ಬಿ ಬಂತು. ದೊಡ್ಡ ಡಾಕ್ಟರು ಎಲ್ಲಿಂದಲೋ ತರಿಸಿದ್ದರು. ಅಂಗೈಗಿಂತ ದೊಡ್ಡದು, ಮೇಲೆ ಒಂದು ಸಣ್ಣ ಕಿಟಕಿ, ಅದರಲ್ಲಿ ಕೆಂಪಗೆ ಹೊಳೆಯುವ ಅಂಕಿ. ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಕಾಗದದ ಪಟ್ಟಿಯ ಮೇಲೆ ಬಿಟ್ಟು, ಗಡಿಯಾರ ನೋಡಿ ನಿಮಿಷ ಎಣಿಸಿ, ತೊಳೆದು, ಒತ್ತಿ, ಡಬ್ಬಿಯ ಬಾಯಿಗೆ ಇಟ್ಟರೆ ಅಂಕಿ ಮೂಡುತ್ತಿತ್ತು. ಯಂತ್ರದ ಭಯ ಅಂದಿರಲ್ಲ, ಅದನ್ನು ನೋಡಬೇಕಿದ್ದರೆ ಆವತ್ತು ನನ್ನನ್ನು ನೋಡಬೇಕಿತ್ತು. ಬ್ಯಾಟರಿಯ ಡಬ್ಬಿ ಶಾಕ್ ಹೊಡೆಯುತ್ತದೆ ಅಂತ ರಬ್ಬರ್ ಚಪ್ಪಲಿ ಹಾಕಿಕೊಂಡು ಒಂದೇ ಕೈಯಲ್ಲಿ ಮುಟ್ಟಿದ್ದೆ. ಖಾಜಾ ಜೀಪಿನ ಬಾಗಿಲ ಹಿಂದೆ ನಿಂತು ನೋಡುತ್ತಿದ್ದ. ನಮ್ಮ ಈ ಭಯವನ್ನು ಯಾರೂ ಬರೆದಿಡಲಿಲ್ಲ. ನಮಗೆ ಬಂದದ್ದು ಜಾಗ್ರತೆ, ಹನುಮವ್ವನಿಗೆ ಬಂದರೆ ಭಯ.

ಡಾಕ್ಟರು ಡಬ್ಬಿಯ ಜೊತೆ ಬಂದ ಕಾಗದ ಓದಿ, ಪಟ್ಟಿಗಳ ಶೀಸೆಯನ್ನು ನನ್ನ ಕೈಗೆ ಕೊಟ್ಟು, ಇದನ್ನು ತಂಪಾದ, ಒಣಗಿದ ಜಾಗದಲ್ಲಿ ಇಡು, ಫ್ರಿಜ್ಜಿನಲ್ಲಿ ಮಾತ್ರ ಬೇಡ ಅಂದರು. ಆಮೇಲೆ ಇನ್ನೊಂದು ಆಜ್ಞೆ: ಇವತ್ತಿನಿಂದ ನೀಲಿ ನೀರು ಬಂದ್. ಸ್ಪಿರಿಟ್ ದೀಪ, ನಳಿಗೆಗಳು ಎಲ್ಲ ಪೆಟ್ಟಿಗೆಗೆ. ಚಷ್ಮಾ ಎರಡು ಸಲ ಮೇಜಿಗೆ ಬಡಿದು ಹೇಳಿದರು, ಬಣ್ಣಕ್ಕೆ ನೂರು ಅರ್ಥ ಇರುತ್ತದೆ, ನಂಬರ್ ಅಂದರೆ ನಂಬರ್.

ಈಗ ನನ್ನ ದಡ್ಡತನ. ಅದನ್ನು ಮುಚ್ಚಿಟ್ಟರೆ ಈ ಬರಹವೇ ಸುಳ್ಳು. ರಾಯಚೂರಿನವನಿಗೆ ಒಂದು ವಸ್ತು ತಂಪಾಗಿ ಇಡು ಅಂದರೆ ಅವನ ಕಣ್ಣೆದುರಿಗೆ ಬರುವುದು ನೀರಿನ ಹರವಿ. ಹರವಿಯ ಬುಡಕ್ಕೆ ಹಾಸಿದ ಒದ್ದೆ ಉಸುಕು. ಎಲೆ ಅಡಿಕೆ ತಿನ್ನುವವರ ಎಲೆ ಅಲ್ಲಿ, ಬೆಣ್ಣೆಯ ಬಟ್ಟಲು ಅಲ್ಲಿ, ನಮ್ಮ ಮನೆಯಲ್ಲಿ ಕಣ್ಣಿನ ಔಷಧವೂ ಅಲ್ಲೇ. ನಾನು ಪಟ್ಟಿಗಳ ಶೀಸೆಯನ್ನು ಕುತ್ತಿಗೆಯವರೆಗೆ ಆ ಒದ್ದೆ ಉಸುಕಿನಲ್ಲಿ ಹೂತಿಟ್ಟೆ. ದೇವದುರ್ಗಕ್ಕೆ ಒಯ್ಯುವಾಗ ಒದ್ದೆ ಬಟ್ಟೆ ಸುತ್ತಿ ಒಯ್ದೆ. ಡಾಕ್ಟರು ಒಣಗಿದ ಅಂದದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬೇಸಿಗೆಯ ರಾಯಚೂರಿನಲ್ಲಿ ಒಣ ಜಾಗವನ್ನು ಯಾರಾದರೂ ಹುಡುಕುತ್ತಾರೆಯೇ? ತಾನಾಗಿ ಸಿಗುವುದು ಅದೊಂದೇ. ಹಾಗಂದುಕೊಂಡು ದಿನವೂ ಒದ್ದೆ ಕೈಯಲ್ಲಿ ಮುಚ್ಚಳ ತೆಗೆದು, ಒದ್ದೆ ಕೈಯಲ್ಲಿ ಮುಚ್ಚಿ, ಎಂಥ ಜಾಣ ನಾನು ಅಂತ ಉಸುಕಿಗೆ ಇನ್ನೊಂದು ತಂಬಿಗೆ ನೀರು ಚಿಮುಕಿಸಿದೆ. ಡಾಕ್ಟರು ಅದನ್ನು ನೋಡಿಯೂ ಇದ್ದರು. ಶಹಬ್ಬಾಸ್ ಅಂದಿದ್ದರು.

ತೇವ ಹತ್ತಿದ ಪಟ್ಟಿ ಸುಳ್ಳು ಹೇಳುತ್ತದೆ. ಇದ್ದ ಸಕ್ಕರೆಯನ್ನು ಕಡಿಮೆ ಮಾಡಿ ತೋರಿಸುತ್ತದೆ. ನಮಗೆ ಅದು ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ವಾರ ವಾರ ಎಲ್ಲರ ಅಂಕಿ ಇಳಿಯುತ್ತಿದೆ. ಮಾವಿನ ಹಣ್ಣಿನ ಕಾಲದಲ್ಲಿ, ಮದುವೆಗಳ ಸುಗ್ಗಿಯಲ್ಲಿ, ದೇವದುರ್ಗ ಮಾನ್ವಿ ಎರಡೂ ಕಡೆಯ ಸಕ್ಕರೆ ಒಟ್ಟಿಗೆ ಇಳಿದದ್ದು ಲೋಕದಲ್ಲಿ ಅದೇ ಮೊದಲಿರಬೇಕು. ಹುಚ್ಚನಿಗೂ ಅನುಮಾನ ಬರಬೇಕಿತ್ತು. ನಮಗೆ ಬಂದದ್ದು ಹೆಮ್ಮೆ. ಡಾಕ್ಟರು ಒಬ್ಬೊಬ್ಬರದೇ ಗುಳಿಗೆ ಅರ್ಧಕ್ಕೆ ಇಳಿಸುತ್ತ ಬಂದರು.

ಹನುಮವ್ವ ಮೊದಲ ವಾರ ಬೆರಳು ಕೊಟ್ಟಳು. ರಕ್ತಕ್ಕೆ ಅಂಜುವವಳಲ್ಲ, ದಿನವೂ ಸೂಜಿಯ ಜೊತೆ ಬಾಳುವವಳು. ಅಂಕಿ ಮೂಡಿತು, ನಾನು ಡಾಕ್ಟರಿಗೆ ಹೇಳಿದೆ, ಡಾಕ್ಟರು ಬರೆದುಕೊಂಡರು, ಮುಂದಿನವರನ್ನು ಕರೆದರು. ಅವಳು ಸೂಜಿಗೆ ದಾರ ಪೋಣಿಸಲು ಕಾಯುತ್ತ ನಿಂತೇ ಇದ್ದಳು. ಯಾವ ಬಣ್ಣ ಅಂತ ಕೇಳಿದಳು. ಬಣ್ಣ ಇಲ್ಲ, ಛಲೋ ಅದ ಅಂದೆ. ಛಲೋ ಅನ್ನುವುದಕ್ಕೆ ಅವಳ ಹತ್ತಿರ ದಾರ ಇರಲಿಲ್ಲ.

ಎರಡನೆಯ ತಿಂಗಳು ಗುಳಿಗೆ ಅರ್ಧ ಮಾಡಿದ ಮೇಲೆ ಅವಳು ತಕರಾರು ತೆಗೆದಳು. ಬಾಯಿ ಒಣಗುತ್ತದೆ ಅಂದಳು. ಬಚ್ಚಲಿಗೆ ಹೋದಲ್ಲಿ ಇರುವೆ ಮುತ್ತುತ್ತವೆ ಅಂದಳು. ಬಲಗಾಲು ನೆಲಕ್ಕೆ ತಾಕಿದ್ದು ತಿಳಿಯುವುದಿಲ್ಲ ಅಂದಳು. ಡಾಕ್ಟರು ಕೆಂಪು ಅಂಕಿ ತೋರಿಸಿ ನಕ್ಕು, ವಯಸ್ಸಾಯ್ತಲ್ಲ ತಾಯಿ ಅಂದರು. ಅವಳು ನನ್ನ ಕಡೆ ತಿರುಗಿದಳು. ಪೆಟ್ಟಿಗೆಯಿಂದ ನಳಿಗೆ ತೆಗೆದು ಒಮ್ಮೆ, ಒಂದೇ ಒಮ್ಮೆ, ನೀಲಿ ನೀರಿನಲ್ಲಿ ಕುದಿಸಿ ಬಣ್ಣ ತೋರಿಸು ಅಂತ ಕೇಳಿದಳು. ನಾನು ಆಜ್ಞೆ ಇಲ್ಲ ಅಂದೆ.

“ಡಬ್ಬಿ ನನ್ನ ರಗತ ಕುಡಿದು ನಿಮ್ಮ ಕೂಡ ಮಾತಾಡ್ತದ, ನನ್ನ ಕೂಡ ಆಡಂಗಿಲ್ಲ” ಅಂದಳು. “ಅದು ಒಂದು ಮಾತು ಹೇಳ್ತದ, ನನ್ನ ಮೈ ಮೂರು ಮಾತು ಹೇಳಾಕತ್ತದ. ನಾ ಯಾರ ಮಾತು ಕೇಳಬೇಕಪ್ಪ ನರಸಪ್ಪಾ?”

ಡಾಕ್ಟರು ನಕ್ಕರು, ಮುದುಕಿ ಡಬ್ಬಿಗೆ ಹೆದರಿದ್ದಾಳೆ ಅಂದರು. ನಾನೂ ನಕ್ಕೆ. ಮುಂದಿನ ಮಂಗಳವಾರ ಹನುಮವ್ವ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ನಮ್ಮ ಜೀಪು ಪ್ರತಿ ವಾರ ಗಬ್ಬೂರಿನ ನಡುವಿನಿಂದಲೇ ಹಾದು ಹೋಗುತ್ತಿತ್ತು. ಒಮ್ಮೆಯೂ ನಿಲ್ಲಲಿಲ್ಲ.

ಮಾನ್ವಿಯಲ್ಲಿ ಆಚಾರ್ರೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಓದು ಬರದವರಷ್ಟೇ ಹೆದರುತ್ತಾರೆ ಅನ್ನುವವರು ಇದನ್ನು ಗಮನಿಸಬೇಕು. ಇವರು ಜೀವಮಾನವೆಲ್ಲ ಅಂಕಿಯ ಜೊತೆಗೇ ಇದ್ದವರು.

“ನಿನ್ನ ಡಬ್ಬಿ ಉತ್ತರ ಬರೀತದ, ಹಂತ ತೋರಸೂದಿಲ್ಲ” ಅಂದರು. “ಹಂತ ಇಲ್ಲದ ಉತ್ತರಕ್ಕ ನಾನು ಸೊನ್ನಿ ಕೊಡ್ತಿದ್ದೆ. ಮಗ್ಗಲಿನವನ್ನ ನೋಡಿ ಬರದಾನ ಅಂತನ ಅರ್ಥ.”

ಆಮೇಲೆ ನನ್ನನ್ನು ಮೂಲೆಗೆ ಕರೆದು ಒಂದು ಶೀಸೆ ನೀಲಿ ನೀರು, ಎರಡು ನಳಿಗೆ ಮನೆಗೆ ಕೊಡು ಅಂದರು. ನಾನು ಮರು ಮಾತಾಡದೆ ಕೊಟ್ಟೆ. ಇಲ್ಲಿ ನಿಲ್ಲಿರಿ. ಹನುಮವ್ವನಿಗೆ ಆಜ್ಞೆ ಇಲ್ಲ ಅಂದ ಬಾಯಿ ಇದೇ. ಆಚಾರ್ರಿಗೆ ಆಗಲಿ ಸರ್ ಅಂದ ಬಾಯಿಯೂ ಇದೇ. ಮಾಸ್ತರು ಬೆರಳು ತೋರಿಸಿ ಕೇಳಿದರು ಅಂತ ಕೊಟ್ಟೆನೋ, ಅವರ ಪಂಚೆ ಬಿಳಿ ಇತ್ತು ಅಂತ ಕೊಟ್ಟೆನೋ. ನನ್ನ ಅವ್ವನ ಹಾಗೆ ಹೊಸ್ತಿಲಲ್ಲಿ ಕೂತವಳಿಗೆ ಕೊಡಲಿಲ್ಲ. ಡಾಕ್ಟರ ಮೇಲೆ ಸಿಟ್ಟು ಬಂದಾಗಲೆಲ್ಲ ಇದು ನೆನಪಾಗಿ ನನ್ನ ಸಿಟ್ಟು ದಾರಿಯಲ್ಲೇ ತಿರುಗಿ ನನ್ನ ಕಡೆಗೇ ಬರುತ್ತದೆ.

ಮಳೆಗಾಲದ ಶುರುವಿನಲ್ಲಿ ಹೊರಗಿನ ಊರುಗಳಿಂದ ಕೆಲವು ಡಾಕ್ಟರುಗಳು ಡಬ್ಬಿಯ ಕೆಲಸ ನೋಡಲು ಬಂದರು. ನಮ್ಮವರು ಇಳಿದ ಅಂಕಿಗಳ ಪಟ್ಟಿ ತೋರಿಸಿದರು. ಮಧ್ಯಾಹ್ನ ಊಟವಾದ ಮೇಲೆ ಮಾತು ಯಂತ್ರಕ್ಕೆ ಹೆದರುವ ಮುದುಕರ ಕಡೆ ಹೋಯಿತು. ದೊಡ್ಡ ಡಾಕ್ಟರಿಗೆ ನನ್ನ ವಿದ್ಯೆ ಗೊತ್ತಿತ್ತು. ತಮ್ಮನ್ನು ಅಣಕಿಸುವುದು ಗೊತ್ತಿರಲಿಲ್ಲ, ಉಳಿದವರನ್ನು ಅಣಕಿಸುವುದು ಗೊತ್ತಿತ್ತು. ನರಸಪ್ಪ, ಸ್ವಲ್ಪ ಮಾಡಿ ತೋರಿಸು ಅಂದರು.

ಇಷ್ಟು ಜನ ಡಾಕ್ಟರು ನನ್ನ ಮುಂದೆ ಬೆಂಚಿನ ಮೇಲೆ! ನಾನು ಉಬ್ಬಿಹೋದೆ. ಮೊದಲು ಆಚಾರ್ರನ್ನು ಮಾಡಿದೆ, ಕೈ ಹಿಂದೆ ಕಟ್ಟಿ ಡಬ್ಬಿಗೆ ಸೊನ್ನೆ ಕೊಡುವುದನ್ನು. ಬಿದ್ದು ಬಿದ್ದು ನಕ್ಕರು. ಆಮೇಲೆ ಹನುಮವ್ವ. ತಲೆಯ ಮೇಲೆ ಟವೆಲು ಹೊದ್ದೆ, ದನಿ ಒಡೆದೆ, ಸೂಜಿಯ ಬೆರಳು ಎತ್ತಿದೆ. ನಗು ಹೆಚ್ಚಾಗಲಿ ಅಂತ ಮೈಯೆಲ್ಲ ಗಡಗಡ ನಡುಗಿಸಿದೆ.

ಅಣಕಿನಲ್ಲಿ ಒಂದು ಕಷ್ಟ ಇದೆ. ದನಿ ಸರಿಯಾಗಿ ಬರಬೇಕಾದರೆ ಮಾತು ಪೂರ್ತಿ ಆಡಬೇಕು, ಅರ್ಧಕ್ಕೆ ಬಿಡುವ ಹಾಗಿಲ್ಲ. ಹಾಗಾಗಿ ಅವಳು ಆವತ್ತು ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಬಾಯಿ ಒಣಗಾಕತ್ತದ. ಇರುವಿ ಬರಾಕತ್ಯಾವ. ಕಾಲು ನೆಲಕ್ಕ ಹತ್ತಿದ್ದು ತಿಳೀವಲ್ದು. ಮೂರನೆಯ ಮಾತಿಗೆ ನನ್ನ ನಾಲಿಗೆ ನಿಂತಿತು. ಇದು ನಾನು ಟ್ರೇನಿಂಗಿನಲ್ಲಿ ಮೊದಲ ವಾರ ಬಾಯಿಪಾಠ ಮಾಡಿದ ಪಾಠ. ಸಕ್ಕರೆ ಏರಿದವರ ಲಕ್ಷಣ. ಅದೇ ಸಾಲು, ಅದೇ ಕ್ರಮ. ಅವಳ ಬಾಯಿಂದ ಬಂದಾಗ ನಾನು ದನಿ ಕೇಳಿದ್ದೆ, ಮಾತು ಕೇಳಿರಲಿಲ್ಲ. ನನ್ನ ಬಾಯಿಂದಲೇ ಬಂದಾಗ ಕೇಳಿಸಿತು.

ಟವೆಲು ಹೊದ್ದು ಹಾಗೇ ನಿಂತುಬಿಟ್ಟೆ. ಮುದುಕಿ ಹೆದರಿ ಕಲ್ಲಾದಳು ಅಂತ ತಿಳಿದು ಅವರು ಚಪ್ಪಾಳೆ ಹೊಡೆದರು.

ಚಪ್ಪಾಳೆ ಮುಗಿಯುವ ಮೊದಲೇ ಲ್ಯಾಬಿಗೆ ಓಡಿದೆ. ಗ್ಲೂಕೋಸ್ ಪುಡಿಯನ್ನು ಲೋಟದ ನೀರಿನಲ್ಲಿ ಪಾಕದ ಹಾಗೆ ಕಲಸಿದೆ. ಉಸುಕಿನಿಂದ ಶೀಸೆ ಕಿತ್ತು ಒಂದು ಪಟ್ಟಿಯ ಮೇಲೆ ಅದರ ಹನಿ ಬಿಟ್ಟು ಡಬ್ಬಿಗೆ ಇಟ್ಟೆ. ಡಬ್ಬಿ ಕೆಂಪಗೆ ಹೊಳೆದು ಒಂದು ಅಂಕಿ ಕೊಟ್ಟಿತು. ಆರೋಗ್ಯವಂತ ಮನುಷ್ಯನ ಅಂಕಿ. ಪೆಟ್ಟಿಗೆ ಬಿಚ್ಚಿ ನಳಿಗೆ ತೆಗೆದೆ, ನೀಲಿ ನೀರಿಗೆ ಅದೇ ಪಾಕದ ಎಂಟು ಹನಿ ಬಿಟ್ಟು ಕುದಿಸಿದೆ. ನೋಡುತ್ತಿದ್ದಂತೆ ಇಟ್ಟಿಗೆಯ ಕೆಂಪು. ಕೈಯಲ್ಲಿದ್ದ ಶೀಸೆ ಒದ್ದೆ; ಡಾಕ್ಟರು ಒಣಗಿದ ಜಾಗ ಅಂದದ್ದು ಆಗ ತಲೆಗೆ ಹೋಯಿತು.

ಅತಿಥಿಗಳು ಹೋದ ಮೇಲೆ ಡಬ್ಬಿ, ನಳಿಗೆ, ಒದ್ದೆ ಶೀಸೆ ಮೂರನ್ನೂ ಡಾಕ್ಟರ ಮೇಜಿನ ಮೇಲೆ ಇಟ್ಟು, ಉಸುಕಿನ ವಿಷಯ ಹೇಳಿ, ತಪ್ಪು ನನ್ನದು ಅಂದೆ. ಬಯ್ಯುತ್ತಾರೆ ಅಂತ ಕಾದೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಇದನ್ನ ಮತ್ಯಾರಿಗೆ ಹೇಳಿದ್ದೀ?” ಅಂದರು. ಅದೊಂದೇ ಪ್ರಶ್ನೆ.

ಹೊಸ ಶೀಸೆ ಕಪಾಟಿನಿಂದ ತೆಗೆದು ಕೊಟ್ಟರು. ಗುಳಿಗೆ ಅರ್ಧ ಮಾಡಿಸಿಕೊಂಡು ಮನೆಗೆ ಹೋದವರನ್ನು ಹೇಗೆ ಕರೆಸುವುದು ಅಂತ ಕೇಳಿದೆ. ಬಂದಾಗ ಸರಿ ಮಾಡೋಣ, ಈಗ ಕರೆಸಿದರೆ ಜನ ಗಾಬರಿಯಾಗುತ್ತಾರೆ ಅಂದರು. ಮತ್ತೆ ಭಯ, ಅದೂ ರೋಗಿಗಳ ಹೆಸರಿನಲ್ಲಿ! ಭಯ ಯಾರಿಗೆ ಇತ್ತು ಹೇಳಿರಿ. ಇಳಿದ ಅಂಕಿಗಳ ಪಟ್ಟಿ ಇನ್ನೂ ಮೇಜಿನ ಮೇಲೆಯೇ ಇತ್ತು. ಆ ಕೆಂಪು ಅಂಕಿಗೆ ನೀನು ತಪ್ಪು ಅನ್ನುವ ಧೈರ್ಯ ನಮ್ಮ ಇಡೀ ಆಸ್ಪತ್ರೆಯಲ್ಲಿ ಒಬ್ಬರಿಗೂ ಇರಲಿಲ್ಲ, ಕಲಿತ ಡಾಕ್ಟರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಇದ್ದದ್ದು ಕೌದಿ ಹೊಲಿಯುವವಳೊಬ್ಬಳಿಗೆ.

ಮರುದಿನ ರಜೆ ಹಾಕಿ ಬೆಳಗಿನ ಬಸ್ಸಿಗೆ ಗಬ್ಬೂರಿಗೆ ಹೋದೆ. ಚೀಲದಲ್ಲಿ ನಳಿಗೆ, ನೀಲಿ ನೀರು, ಸ್ಪಿರಿಟ್ ದೀಪ. ಹನುಮವ್ವ ಮನೆಯ ಮುಂದೆ ಅರ್ಧ ಹೊಲಿದ ಕೌದಿಯ ಮೇಲೆ ಬಲಗಾಲು ಚಾಚಿಕೊಂಡು ಕೂತಿದ್ದಳು. ಪಾದಕ್ಕೆ ಸೀರೆಯ ತುಂಡು ಸುತ್ತಿತ್ತು. ಹೊಲದ ದಾರಿಯಲ್ಲಿ ಜಾಲಿ ಮುಳ್ಳು ನೆಟ್ಟಿದ್ದು ತಿಳಿದೇ ಇರಲಿಲ್ಲವಂತೆ. ಸೊಸೆ ನೆಲದ ಮೇಲೆ ರಕ್ತದ ಹೆಜ್ಜೆ ನೋಡಿ ಹೇಳಿದ ಮೇಲೆ ತೆಗೆದರಂತೆ. ಬಟ್ಟೆ ಬಿಚ್ಚುವ ಮೊದಲೇ ವಾಸನೆ ಬಂತು. ಲ್ಯಾಬಿನ ವಾಸನೆಯಲ್ಲಿ ಊಟ ಮಾಡಿದವನು ನಾನು, ನನಗೇ ತಡೆಯಲಿಲ್ಲ.

ಅಲ್ಲೇ ದೀಪ ಹಚ್ಚಿ ಕುದಿಸಿದೆ. ಅವಳು ಮುಂದಕ್ಕೆ ಬಾಗಿ ನಳಿಗೆಯನ್ನೇ ನೋಡುತ್ತಿದ್ದಳು. ಹಸಿರಿನಲ್ಲಿ ನಿಲ್ಲಲಿಲ್ಲ, ಹಳದಿಯಲ್ಲಿ ನಿಲ್ಲಲಿಲ್ಲ. ಕೆಂಪಾದ ಮೇಲೆ ‘ನಾ ಹೇಳಿದ್ನಲ್ಲೋ’ ಅಂತ ಅವಳು ಅನ್ನಲಿಲ್ಲ. ಅಂದಿದ್ದರೆ ತಾಳಿಕೊಳ್ಳಬಹುದಿತ್ತು. ಚೀಲದಿಂದ ಬಿಳಿ ಬಟ್ಟೆ ತೆಗೆದಳು. ಡಬ್ಬಿ ಬಂದ ದಿನದಿಂದ ಅದರಲ್ಲಿ ವಾರಕ್ಕೊಂದು ಹೊಲಿಗೆಯ ಜಾಗ ಖಾಲಿ ಬಿಟ್ಟಿದ್ದಳು. ಖಾಲಿ ಜಾಗ ದಾಟಿ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಡಿದು, ಇನ್ನು ನಡಿ ಅಂದಳು.

ರಾಯಚೂರಿಗೆ ಕರೆದುಕೊಂಡು ಬಂದೆ. ಪಾದ ಉಳಿಯುತ್ತದೆಯೋ ಮೊಣಕಾಲಿನವರೆಗೆ ಹೋಗುತ್ತದೆಯೋ ಅಂತ ಒಂದು ವಾರ ಹೇಳಲಾಗಲಿಲ್ಲ. ದೊಡ್ಡ ಡಾಕ್ಟರೇ ಮುಂದೆ ನಿಂತು ನೋಡಿದರು, ಅದನ್ನು ಮುಚ್ಚಿಡುವುದಿಲ್ಲ. ದಿನಕ್ಕೆ ಮೂರು ಸಲ ಬಂದು ಕಾಲು ಮುಟ್ಟಿ ನೋಡಿದರು. ಕೊನೆಗೆ ಹೆಬ್ಬೆರಳು, ಅದರ ಪಕ್ಕದ ಬೆರಳು ಎರಡು ಹೋದವು. ಪಾದ ಉಳಿಯಿತು. ಉಳಿಸಿದ ಕೈಯಲ್ಲೇ ಡಾಕ್ಟರು ಕೇಸ್ ಪೇಪರಿನ ಮೇಲೆ ಬರೆದರು: ರೋಗಿಯು ಯಂತ್ರದ ಭಯದಿಂದ ತಪಾಸಣೆಗೆ ಬಾರದ ಕಾರಣ ರೋಗ ಉಲ್ಬಣ. ಉಸುಕು ಇಲ್ಲ, ಪಟ್ಟಿ ಇಲ್ಲ, ಅರ್ಧ ಮಾಡಿದ ಗುಳಿಗೆ ಇಲ್ಲ, ನರಸಪ್ಪನೂ ಇಲ್ಲ. ನಾನು ಅದನ್ನು ಓದಿ ಅವರ ಕೋಣೆಗೆ ಹೋಗಿ, ಇದು ಖರೆ ಅಲ್ರಿ ಸರ್ ಅಂದೆ. ಅವರು ಚಷ್ಮಾ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೇಜಿಗೆ ಬಡಿಯಲಿಲ್ಲ. ಕೇಸ್ ಪೇಪರು ಬದಲಾಗಲೂ ಇಲ್ಲ. ಆ ತಿಂಗಳಿಂದ ದೇವದುರ್ಗದ ಜೀಪಿನಲ್ಲಿ ಡಬ್ಬಿಯ ಜೊತೆ ನಳಿಗೆಗಳ ಪೆಟ್ಟಿಗೆಯನ್ನೂ ನಾನೇ ಏರಿಸಿದೆ, ಅವರು ನೋಡಿ ನೋಡದ ಹಾಗೆ ಇದ್ದರು. ಜೀಪು ಗಬ್ಬೂರಿನಲ್ಲಿ ನಿಲ್ಲಲು ಶುರುವಾಯಿತು. ಖಾಜಾ ಯಾರ ಆಜ್ಞೆಗೂ ಕಾಯಲಿಲ್ಲ.

ಅದೇ ಖಾಜಾನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹನುಮವ್ವ ವಾರ್ಡಿನಲ್ಲಿ ಇದ್ದಾಗ ಅವಳಿಗೆ ಚಹಾ ಕೊಡುತ್ತ, ಡಾಕ್ಟರುಗಳ ಮುಂದೆ ನಾನು ಅವಳನ್ನು ಅಣಕಿಸಿದ್ದನ್ನು ಹೇಳಿಬಿಟ್ಟಿದ್ದ. ಸಂಜೆ ನಾನು ಹೋದೆ. ಅವಳು ಬಾ ಕೂಡು ಅಂದಳು. ಪಕ್ಕದ ಮಂಚದವರೂ ಎದ್ದು ಕೂತರು.

“ನನ್ನಂಗ ಮಾತಾಡ್ತೀಯಂತಲ್ಲ. ಮಾಡು, ನೋಡ್ತೀನಿ.”

ಬೇಡ ಯವ್ವಾ ಅಂದೆ. ತಪ್ಪಾಯ್ತು ಅಂದೆ. ಅವಳು ಬಿಡಲಿಲ್ಲ. ಮಂಚದ ಕೊನೆಯಲ್ಲಿದ್ದ ಟವೆಲನ್ನು ತಾನೇ ಎತ್ತಿ ನನ್ನ ಕೈಗೆ ಕೊಟ್ಟಳು. ಹೊದ್ದುಕೊಂಡೆ. ದನಿ ಒಡೆದೆ, ಬೆರಳೆತ್ತಿದೆ, ಬಾಯಿ ಒಣಗಾಕತ್ತದ ಅಂತ ಶುರು ಮಾಡಿ ಯಾರ ಮಾತು ಕೇಳಬೇಕು ಅನ್ನುವವರೆಗೆ ಎಲ್ಲವನ್ನೂ ಹೇಳಿದೆ. ಅಭ್ಯಾಸದ ಮೇಲೆ ಮೈ ತಾನೇ ನಡುಗಿತು. ಪಕ್ಕದ ಮಂಚದವಳೊಬ್ಬಳು ಬಾಯಿಗೆ ಸೆರಗು ಒತ್ತಿ ನಕ್ಕಳು.

ಹನುಮವ್ವ ನಗಲಿಲ್ಲ. ಕೌದಿಯ ಹೊಲಿಗೆ ಸರಿ ಇದೆಯೋ ಇಲ್ಲವೋ ಅಂತ ನೋಡುವವಳ ಹಾಗೆ ನೋಡುತ್ತಿದ್ದಳು.

“ದನಿ ಬರೋಬ್ಬರಿ ಅದ. ಕೈನೂ ಬರೋಬ್ಬರಿ ಅದ” ಅಂದಳು. “ಆ ನಡಗೂದು ಎಲ್ಲಿಂದ ತಂದಿ? ಅದು ನಂದಲ್ಲ. ನಾ ಆವತ್ತು ಹೆದರಿದ್ದಿಲ್ಲೋ ತಮ್ಮಾ. ನನಗ ಸಿಟ್ಟು ಬಂದಿತ್ತು.”

ನಾನು ಟವೆಲು ತೆಗೆಯಹೋದೆ.

“ತಗೀಬ್ಯಾಡ” ಅಂದಳು. “ಇನ್ನೊಮ್ಮಿ ಮಾಡು. ಖರೇದು ಮಾಡು.”

ಇನ್ನೊಮ್ಮೆ ಮಾಡಿದೆ. ಅದೇ ದನಿ, ಅದೇ ಬೆರಳು, ಅದೇ ಮಾತು, ನಡುಕವೊಂದನ್ನು ಬಿಟ್ಟು. ಈ ಸಲ ವಾರ್ಡಿನಲ್ಲಿ ಯಾರೂ ನಗಲಿಲ್ಲ.